ಸೆನ್ಸರ್ ಹೊಸದು, ಕೋಡ್ ಮಾತ್ರ ಹಳೆಯದೇ: ಪಿ0131 ಬಂದಾಗ ಏನು ನೋಡಬೇಕು?

ಪ್ರಶ್ನೆ: ನಾನಿರುವುದು ಜೇವರ್ಗಿಯಲ್ಲಿ, ಕೆಲಸ ಕಲಬುರಗಿಯಲ್ಲಿ. ದಿನಾ ಕಾರಿನಲ್ಲೇ ಹೋಗಿ ಬರುತ್ತೇನೆ. 2018ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ನಾಲ್ಕು ಸಿಲಿಂಡರ್, 78,000 ಕಿ.ಮೀ. ಓಡಿದೆ. ಎರಡು ತಿಂಗಳ ಹಿಂದೆ ಚೆಕ್ ಎಂಜಿನ್ ಲೈಟ್ ಬಂತು. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ, ಪಿ0131, ಆಕ್ಸಿಜನ್ ಸೆನ್ಸರ್ ಲೋ ವೋಲ್ಟೇಜ್ ಎಂದರು. ಎಂಜಿನ್ ಹತ್ತಿರದ, ಮುಂದಿನ ಸೆನ್ಸರ್ ಬದಲಿಸಿದರು, ಐದೂವರೆ ಸಾವಿರ ಹೋಯಿತು. ಮೂರು ವಾರ ಚೆನ್ನಾಗಿತ್ತು. ಈಗ ಅದೇ ಲೈಟ್, ಅದೇ ಕೋಡ್. ಈ ಸಲ "ಇಸಿಯು ಹೋಗ್ಯಾದ್ರಿ, ಅದನ್ನೇ ಬದಲಿ ಮಾಡಬೇಕು" ಅನ್ನುತ್ತಿದ್ದಾರೆ. ಮೈಲೇಜ್ 18ರಿಂದ 14ಕ್ಕೆ ಇಳಿದಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಸದ್ದು ಬರುತ್ತದೆ, ಐದು ನಿಮಿಷದಲ್ಲಿ ತಾನೇ ನಿಲ್ಲುತ್ತದೆ. ಲೈಟ್ ಬರುವ ಮೊದಲು ಸೈಲೆನ್ಸರಿನ ರಬ್ಬರ್ ತುಂಡಾಗಿ ಅದು ನೇತಾಡುತ್ತಿತ್ತು, ಒಂದು ತಿಂಗಳು ಹಾಗೇ ಓಡಿಸಿದ್ದೆ. ಸ್ಕ್ಯಾನರ್ ಪರದೆಯ ಫೋಟೊ ಕಳಿಸಿದ್ದೇನೆ. ಇಸಿಯು ಬದಲಿಸಲಾ?

ಉತ್ತರ: ಬೇಡ. ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿಗೆ, ಕೈ ಹಚ್ಚಬೇಡಿ, ಈಗಂತೂ ಬೇಡವೇ ಬೇಡ. ನಿಮ್ಮ ಫೋಟೊ ಮತ್ತು ನೀವು ಬರೆದ ಮಾತು ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ನನ್ನ ಅನುಮಾನ ಹೋಗುವುದು ಎಂಜಿನ್‌ನಿಂದ ಹೊಗೆ ಹೊರಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಪ್ಯಾಕಿಂಗ್ ಮೇಲೆ. ಕಾರು ನೋಡದೆ ಖಾತ್ರಿ ಹೇಳಲಾರೆ. ಆದರೆ ದೊಡ್ಡ ದುಡ್ಡು ಸುರಿಯುವ ಮೊದಲು ಮಾಡಬೇಕಾದ ಪರೀಕ್ಷೆಗಳಿವೆ, ಎಲ್ಲಾ ಸೇರಿ ಒಂದೆರಡು ಗಂಟೆಯ ಕೆಲಸ. ಅನುಮಾನ ಯಾಕೆ ಅಲ್ಲಿಗೆ ಹೋಯಿತು ಅನ್ನೋದನ್ನು ಬಿಡಿಸಿ ಹೇಳುತ್ತೇನೆ, ಯಾಕಂದರೆ ಗ್ಯಾರೇಜಿನಲ್ಲಿ ನಿಂತು ಮಾತಾಡಬೇಕಾದವರು ನೀವು.

ಮೊದಲು ಕೋಡ್. ಪಿ0131 ಅಂದರೆ "ಸೆನ್ಸರ್ ಕೆಟ್ಟಿದೆ" ಅಂತ ಅಲ್ಲ. ಮುಂದಿನ ಆಕ್ಸಿಜನ್ ಸೆನ್ಸರಿನ ತಂತಿಯಲ್ಲಿ ವೋಲ್ಟೇಜ್ ತುಂಬಾ ಹೊತ್ತು ಕೆಳಗೇ ಉಳಿಯಿತು, ಇಸಿಯು ಕಂಡದ್ದು ಅಷ್ಟೇ. ಯಾಕೆ ಉಳಿಯಿತು ಅನ್ನೋದು ಅದಕ್ಕೆ ಗೊತ್ತಿಲ್ಲ. ಜ್ವರ ಬಂದಾಗ ಥರ್ಮಾಮೀಟರ್ 103 ತೋರಿಸಿದರೆ ನಾವು ಥರ್ಮಾಮೀಟರ್ ಬದಲಿಸುವುದಿಲ್ಲ ಅಲ್ವಾ? ಗ್ಯಾರೇಜುಗಳಲ್ಲಿ ಆಗುತ್ತಿರುವುದು ಮಾತ್ರ ಅದೇ. ಸ್ಕ್ಯಾನರಿನಲ್ಲಿ ಸೆನ್ಸರಿನ ಹೆಸರು ಬಂತು, ಸೆನ್ಸರ್ ಬದಲಿಸಿದರು. ಅದನ್ನು ನೋಡಿ ನನಗೆ ನಿಜವಾಗಿಯೂ ಸಂಕಟವಾಗುತ್ತದೆ, ದುಡ್ಡು ಹೋಗುವುದು ಓಡಿಸುವವರದ್ದು.

ಸೆನ್ಸರ್ ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜ್ ನೆನಪು ಮಾಡಿಕೊಳ್ಳಿ. ಗೇಟ್ ಹಾಕಿದಾಗ ಒಂದು ಕಡೆ ಭೀಮಾ ತುಂಬಿ ನಿಂತಿರುತ್ತದೆ, ಇನ್ನೊಂದು ಕಡೆ ತಳ ಕಾಣುತ್ತದೆ. ಎರಡೂ ಕಡೆಯ ಮಟ್ಟದಲ್ಲಿ ಎಷ್ಟು ಅಂತರವೋ ಗೇಟಿನ ಮೇಲೆ ಅಷ್ಟು ಒತ್ತಡ. ಸೆನ್ಸರಿನೊಳಗೆ ಜಿರ್ಕೋನಿಯಾ ಅನ್ನುವ ಪಿಂಗಾಣಿಯಂಥ ಪುಟ್ಟ ಟೊಪ್ಪಿಗೆ ಇದೆ, ಅದೇ ಇಲ್ಲಿನ ಗೇಟ್. ಅದರ ಒಳಗಡೆ ಹೊರಗಿನ ಗಾಳಿ, ಅಂದರೆ ಸುಮಾರು 21% ಆಕ್ಸಿಜನ್. ಅದು ಯಾವಾಗಲೂ ತುಂಬಿದ ಕಡೆ. ಹೊರಗಡೆ ಸೈಲೆನ್ಸರಿಗೆ ಹೋಗುವ ಹೊಗೆ. ಹೊಗೆಯಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಇದ್ದರೆ, ಅಂದರೆ ಪೆಟ್ರೋಲ್ ಜಾಸ್ತಿಯಾಗಿದ್ದರೆ, ಅಂತರ ದೊಡ್ಡದು, ವೋಲ್ಟೇಜ್ 0.8, 0.9ಕ್ಕೆ ಏರುತ್ತದೆ. ಇದು ರಿಚ್. ಹೊಗೆಯಲ್ಲಿ ಆಕ್ಸಿಜನ್ ಉಳಿದಿದ್ದರೆ ವೋಲ್ಟೇಜ್ 0.1ಕ್ಕೆ ಬೀಳುತ್ತದೆ. ಇದು ಲೀನ್. ಮಧ್ಯದ 0.45 ಸರಿಯಾದ ಜಾಗ. ಬಿಸಿಯಾದ ಎಂಜಿನ್‌ನಲ್ಲಿ ವೋಲ್ಟೇಜ್ ಅಲ್ಲಿ ಸುಮ್ನೆ ನಿಲ್ಲುವುದಿಲ್ಲ, 0.1ಕ್ಕೂ 0.9ಕ್ಕೂ ನಡುವೆ ಸತತ ಮೇಲೆ ಕೆಳಗೆ ಆಡುತ್ತಿರುತ್ತದೆ. ಆಡುತ್ತಿದ್ದರೆ ಆರೋಗ್ಯ. ಒಂದೇ ಕಡೆ ಅಂಟಿಕೊಂಡರೆ ತೊಂದರೆ.

ಸೆನ್ಸರ್ ಆಕ್ಸಿಜನ್ ಅಳೆಯುತ್ತದೆ, ಪೆಟ್ರೋಲನ್ನಲ್ಲ. ನಿಮ್ಮ ಇಡೀ ಪ್ರಶ್ನೆಯ ಉತ್ತರ ಈ ಮಾತಿನಲ್ಲಿದೆ. ಆ ಆಕ್ಸಿಜನ್ ಸಿಲಿಂಡರಿನಿಂದಲೇ ಬಂತೋ, ದಾರಿಯಲ್ಲಿ ಯಾವುದೋ ಸಂದಿಯಿಂದ ನುಸುಳಿತೋ, ಸೆನ್ಸರಿಗೆ ತಿಳಿಯುವುದಿಲ್ಲ. ಒಂದು ಪ್ಲಗ್ ಸರಿಯಾಗಿ ಕಿಡಿ ಕೊಡದೆ ಮಿಸ್ಸಿಂಗ್ ಇದ್ದರೂ ಅಷ್ಟೇ. ಸುಡದ ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯುತ್ತಿದ್ದರೂ ಸೆನ್ಸರ್ ಲೀನ್ ಅನ್ನುತ್ತದೆ, ಯಾಕಂದರೆ ಆ ಸಿಲಿಂಡರಿನ ಆಕ್ಸಿಜನ್ ಕೂಡ ಸುಡದೆ ಹಾಗೇ ಬಂದಿರುತ್ತದೆ.

ಈಗ ನಿಮ್ಮ ಫೋಟೊ. ಇದು ಫ್ರೀಜ್ ಫ್ರೇಮ್, ಅಂದರೆ ಕೋಡ್ ದಾಖಲಾದ ಗಳಿಗೆಯಲ್ಲಿ ಎಂಜಿನ್ ಹೇಗಿತ್ತು ಅನ್ನೋದರ ಚಿತ್ರ. ನಿಮ್ಮ ಮೆಕ್ಯಾನಿಕ್ ಅದನ್ನು ತೆಗೆದಿಟ್ಟದ್ದು ಒಳ್ಳೆಯದಾಯಿತು. ಬಹಳ ಕಡೆ ಕೋಡ್ ಅಳಿಸುವ ಭರದಲ್ಲಿ ಇದೂ ಅಳಿಸಿ ಹೋಗುತ್ತದೆ. ಅದರಲ್ಲಿ ಎಂಜಿನ್ 790 ಆರ್‌ಪಿಎಂ, ಗಾಡಿ ನಿಂತಿದೆ, ಕೂಲಂಟ್ 91 ಡಿಗ್ರಿ, ಶಾರ್ಟ್ ಟರ್ಮ್ ಟ್ರಿಮ್ +8.6%, ಲಾಂಗ್ ಟರ್ಮ್ ಟ್ರಿಮ್ +19.5%. ಟ್ರಿಮ್ ಅಂದರೆ ಇಸಿಯು ತನ್ನ ಲೆಕ್ಕಕ್ಕಿಂತ ಮೇಲೆ ಎಷ್ಟು ಪೆಟ್ರೋಲ್ ಸೇರಿಸುತ್ತಿದೆ, ಎಷ್ಟು ಕಳೆಯುತ್ತಿದೆ ಅನ್ನುವ ಅಂಕಿ. ಐದು, ಎಂಟು ಪರ್ಸೆಂಟ್ ಆಚೀಚೆ ಎಲ್ಲ ಗಾಡಿಯಲ್ಲೂ ಇರುತ್ತದೆ. ನಿಮ್ಮದು ಎರಡೂ ಕೂಡಿಸಿದರೆ 28% ಹೆಚ್ಚು. ಸೆನ್ಸರ್ "ಪೆಟ್ರೋಲ್ ಸಾಲದು, ಸಾಲದು" ಅಂತ ಹೇಳುತ್ತಲೇ ಇದೆ, ಇಸಿಯು ಪಾಪ ಸುರಿಯುತ್ತಲೇ ಇದೆ. ಕೇಳಿಸಿಕೊಂಡು ಲೆಕ್ಕವಾಗಿ ಕೆಲಸ ಮಾಡುತ್ತಿರುವ ಇಸಿಯು ಕೆಟ್ಟಿದೆ ಅಂತ ಹೇಗೆ ಹೇಳುವುದು?

ಈ ಅಂಕಿಯನ್ನು ನಿಮ್ಮ ಮೈಲೇಜ್ ಪಕ್ಕದಲ್ಲಿ ಇಡಿ. 18 ಇದ್ದದ್ದು 14 ಆಗಿದೆ. ಅಂದರೆ ಮೊದಲು 100 ಲೀಟರ್ ಬೇಕಾಗುತ್ತಿದ್ದ ದಾರಿಗೆ ಈಗ ಸುಮಾರು 128 ಲೀಟರ್ ಬೇಕು. 28% ಹೆಚ್ಚು! ಒಂದು ಅಂಕಿ ಗಾಡಿ ನಿಂತಾಗಿನದು, ಇನ್ನೊಂದು ಇಡೀ ದಾರಿಯದು, ಹಾಗಾಗಿ ಎರಡೂ ಇಷ್ಟು ಸರಿಯಾಗಿ ಕೂಡಿ ಬಂದದ್ದನ್ನು ನಾನು ಜಾಸ್ತಿ ಎಳೆಯುವುದಿಲ್ಲ. ಆದರೆ ದಿಕ್ಕು ಗೊತ್ತಾಗುತ್ತದೆ. ಎಂಜಿನ್‌ಗೆ ನಿಜವಾಗಿಯೂ ಪೆಟ್ರೋಲ್ ಕಡಿಮೆ ಬೀಳುತ್ತಿದ್ದರೆ, ಅಂದರೆ ಪಂಪ್ ಸೋತಿದ್ದರೆ ಅಥವಾ ಇಂಜೆಕ್ಟರ್ ಕಟ್ಟಿಕೊಂಡಿದ್ದರೆ, ಇಸಿಯು ಸೇರಿಸಿದ 28% ಆ ಕೊರತೆಯನ್ನೇ ತುಂಬುತ್ತಿತ್ತು. ಒಟ್ಟು ಖರ್ಚಾಗುವ ಪೆಟ್ರೋಲ್ ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತಿತ್ತು, ಮೈಲೇಜ್ ಹೀಗೆ ಕುಸಿಯುತ್ತಿರಲಿಲ್ಲ. ನಿಮ್ಮಲ್ಲಿ ಪೆಟ್ರೋಲ್ ನಿಜಕ್ಕೂ ಹೆಚ್ಚಾಗಿ ಖರ್ಚಾಗುತ್ತಿದೆ. ಹಾಗಾದರೆ ಎಂಜಿನ್ ಲೀನ್ ಅಲ್ಲ, ರಿಚ್ ಓಡುತ್ತಿದೆ. ಸೆನ್ಸರ್ ತಂತಿಗೆ ಬರುತ್ತಿರುವ "ಲೀನ್" ಸುದ್ದಿ ಸುಳ್ಳು.

ಸುಳ್ಳು ಸುದ್ದಿ ಎರಡು ಕಡೆಯಿಂದ ಬರಬಹುದು. ಸೆನ್ಸರಿಗೆ ಮುಂಚೆ ಹೊರಗಿನ ಗಾಳಿ ನುಸುಳುತ್ತಿರಬೇಕು. ಇಲ್ಲವೇ ಸೆನ್ಸರ್ ಹೇಳಿದ ವೋಲ್ಟೇಜ್ ದಾರಿಯಲ್ಲೇ ಸೋರಿ ಹೋಗುತ್ತಿರಬೇಕು. ಸೆನ್ಸರೇ ಕೆಟ್ಟಿರುವುದು ಮೂರನೆಯದು. ಹೊಸದು ಹಾಕಿಯೂ ಅದೇ ಕೋಡ್ ಬಂದಿರುವುದರಿಂದ ಅದನ್ನು ಹಿಂದಕ್ಕೆ ಇಡೋಣ, ಪೂರ್ತಿ ಬಿಡುವುದು ಬೇಡ.

ನಿಮ್ಮ ಟಿಕ್ ಟಿಕ್ ಸದ್ದಿಗೆ ಬರುತ್ತೇನೆ. ಮ್ಯಾನಿಫೋಲ್ಡ್ ಅನ್ನೋದು ನಾಲ್ಕು ಸಿಲಿಂಡರಿನ ಹೊಗೆಯನ್ನು ಒಂದುಗೂಡಿಸುವ ಭಾಗ. ಹೆಡ್ಡಿಗೂ ಅದಕ್ಕೂ ನಡುವೆ ಪ್ಯಾಕಿಂಗ್ ಇರುತ್ತದೆ. ಆ ಪ್ಯಾಕಿಂಗ್ ಒಂದು ಕಡೆ ಸುಟ್ಟರೆ, ಒಂದು ಸ್ಟಡ್ ಮುರಿದರೆ, ಇಲ್ಲವೇ ನಟ್ ಸಡಿಲಾದರೆ ಕೂದಲೆಳೆಯಷ್ಟು ಸಂದಿ ಬಿಡುತ್ತದೆ. ಎಂಜಿನ್ ತಣ್ಣಗಿದ್ದಾಗ ಆ ಸಂದಿಯಿಂದ ಹೊಗೆ ಚಿಮ್ಮುವ ಸದ್ದೇ ಟಿಕ್ ಟಿಕ್. ಕಬ್ಬಿಣ ಕಾದು ಹಿಗ್ಗಿದಾಗ ಸಂದಿ ಮುಚ್ಚಿಕೊಳ್ಳುತ್ತದೆ, ಸದ್ದು ನಿಲ್ಲುತ್ತದೆ, ಆದರೆ ಪೂರ್ತಿ ಮುಚ್ಚಿರುವುದಿಲ್ಲ. ಟ್ಯಾಪೆಟ್ ಸದ್ದು ಅಂತ ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಇನ್ನು ಸೈಲೆನ್ಸರ್ ನೇತಾಡುತ್ತಿದ್ದದ್ದು. ಹಿಂದಿನ ಡಬ್ಬಿ ನೇತಾಡಿದರೆ ಆಕ್ಸಿಜನ್ ಸೆನ್ಸರಿಗೆ ನೇರವಾಗಿ ಏನೂ ಆಗದು, ಅದು ಎಷ್ಟೋ ದೂರ. ಆದರೆ ಒಂದು ತಿಂಗಳು ಆ ಭಾರ ಅಲ್ಲಾಡುತ್ತಾ, ಪ್ರತಿ ರೋಡ್ ಹಂಪ್‌ಗೂ ಇಡೀ ಪೈಪನ್ನು ಜಗ್ಗಿದರೆ, ಆ ಜಗ್ಗಾಟವನ್ನು ಕೊನೆಗೆ ತಾಳಿಕೊಳ್ಳಬೇಕಾದದ್ದು ಮುಂದಿನ ಜಾಯಿಂಟ್ ಮತ್ತು ಮ್ಯಾನಿಫೋಲ್ಡಿನ ಸ್ಟಡ್‌ಗಳು. ನನ್ನ ಅನುಮಾನ ಗಟ್ಟಿಯಾದದ್ದು ಇಲ್ಲೇ.

ಇಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದಿದೆ. ಒಳಗಿನ ಹೊಗೆ ಹೊರಗೆ ನುಗ್ಗುತ್ತಿರುವಾಗ ಹೊರಗಿನ ಗಾಳಿ ಒಳಗೆ ಹೇಗೆ ಬರುತ್ತದೆ? ಹೊಗೆ ನಲ್ಲಿ ನೀರಿನ ಹಾಗೆ ಒಂದೇ ಸಮ ಹರಿಯುವುದಿಲ್ಲ. ಬಡಿತ ಬಡಿತವಾಗಿ ಬರುತ್ತದೆ. 790 ಆರ್‌ಪಿಎಂನಲ್ಲಿ ನಾಲ್ಕು ಸಿಲಿಂಡರ್ ಎಂಜಿನ್ ಸೆಕೆಂಡಿಗೆ ಸುಮಾರು 26 ಬಡಿತ ಕೊಡುತ್ತದೆ. ಒಂದು ಬಡಿತ ಹೋದ ಮೇಲೆ ಇನ್ನೊಂದು ಬರುವುದರೊಳಗೆ ಪೈಪಿನಲ್ಲಿ ಒತ್ತಡ ಹೊರಗಿನ ಗಾಳಿಗಿಂತ ಕೆಳಗೆ ಇಳಿಯುತ್ತದೆ. ಆ ಗಳಿಗೆಯಲ್ಲಿ ಸಂದಿ ಗಾಳಿಯನ್ನು ಎಳೆದುಕೊಳ್ಳುತ್ತದೆ. ಐಡ್ಲಿಂಗಿನಲ್ಲಿ ಇದು ಜಾಸ್ತಿ, ರೇಸ್ ಕೊಟ್ಟಾಗ ಹೊಗೆಯೇ ತುಂಬಿ ಹರಿಯುವುದರಿಂದ ಕಡಿಮೆ. ನಿಮ್ಮ ಕೋಡ್ ದಾಖಲಾದದ್ದೂ ಐಡ್ಲಿಂಗಿನಲ್ಲೇ.

ನಾನು ಇಂಜೆಕ್ಷನ್ ಕೆಲಸ ಕಲಿತ ಹೊಸತರಲ್ಲಿ ಇದೇ ತಪ್ಪು ಮಾಡಿದ್ದೆ. ಹುಣ್ಣಿಮೆಗೊಮ್ಮೆ ಗಾಣಗಾಪುರಕ್ಕೆ ಭಕ್ತರನ್ನು ಕರೆದೊಯ್ಯುವ ಬಾಡಿಗೆ ಗಾಡಿ. ಇದೇ ಕೋಡ್. ಸೆನ್ಸರ್ ಬದಲಿಸಿ ಕೊಟ್ಟೆ. ಮುಂದಿನ ಹುಣ್ಣಿಮೆಗೆ ಅದೇ ಲೈಟ್ ಹಚ್ಚಿಕೊಂಡು ವಾಪಸ್ ಬಂದರು. ಆಗ ಬೆಳಿಗ್ಗೆ ಆರಕ್ಕೆ ಅವರ ಮನೆಗೇ ಹೋಗಿ ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿಸಿ ಕಿವಿಗೊಟ್ಟೆ. ಮ್ಯಾನಿಫೋಲ್ಡಿನ ನಾಲ್ಕನೇ ಸಿಲಿಂಡರ್ ಬಳಿ ಮಸಿಯ ಗೆರೆ ಎದ್ದು ಕಾಣುತ್ತಿತ್ತು. ಸೆನ್ಸರಿನ ದುಡ್ಡು ಅವರಿಗೆ ಮರಳಿ ಕೊಟ್ಟೆ. ಅಂದಿನಿಂದ ಈ ಕೋಡ್ ಬಂದ ಗಾಡಿಯನ್ನು ರಾತ್ರಿ ಇಟ್ಟುಕೊಂಡು ಬೆಳಿಗ್ಗೆ ತಣ್ಣಗಿರುವಾಗಲೇ ನೋಡುತ್ತೇನೆ. ನೀವೂ ಹಾಗೇ ಮಾಡಿ, ಗಾಡಿಯನ್ನು ಹಿಂದಿನ ಸಂಜೆ ಗ್ಯಾರೇಜಿನಲ್ಲಿ ಬಿಡಿ. ಜೇವರ್ಗಿಯಿಂದ ಕಟ್ಟಿಸಂಗಾವಿ ಸೇತುವೆ ದಾಟಿ ಬರುವಷ್ಟರಲ್ಲಿ ಎಂಜಿನ್ ಕಾದು ಸಾಕ್ಷಿ ಮುಚ್ಚಿಹೋಗಿರುತ್ತದೆ.

ನೋಡುವ ಬಗೆ ಹೀಗೆ. ತಣ್ಣನೆಯ ಎಂಜಿನ್. ಮ್ಯಾನಿಫೋಲ್ಡ್ ಮೇಲಿನ ತಗಡಿನ ಕವರ್ ತೆಗೆಸಿ. ಪ್ಯಾಕಿಂಗ್ ಸುತ್ತ, ಸೆನ್ಸರ್ ತಿರುಗಿಸಿ ಕೂರಿಸುವ ಚೂಡಿ (ಥ್ರೆಡ್) ಸುತ್ತ ಕಪ್ಪು ಅಥವಾ ಬೂದು ಗೆರೆ ಇದೆಯಾ ನೋಡಿ. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡದೆ, ಸೈಲೆನ್ಸರಿನ ಹಿಂಬಾಯಿಗೆ ಗ್ಯಾರೇಜಿನ ಬ್ಲೋಯರ್ ಹಚ್ಚಿ, ಬಟ್ಟೆ ಸುತ್ತಿ, ಮೆಲ್ಲಗೆ ಗಾಳಿ ಬಿಡಿ. ಜಾಯಿಂಟ್‌ಗಳ ಮೇಲೆ ಸೋಪಿನ ನೀರು ಚಿಮುಕಿಸಿ. ಪಂಕ್ಚರ್ ನೋಡುವ ಹಾಗೆಯೇ, ಸಂದಿ ಇದ್ದಲ್ಲಿ ನೊರೆ ಏಳುತ್ತದೆ. ಇದಕ್ಕೆ ಯಾವ ದುಬಾರಿ ಯಂತ್ರವೂ ಬೇಡ. ನೊರೆ ಸೆನ್ಸರಿಗಿಂತ ಮುಂಚೆ ಎದ್ದರೆ, ಅಂದರೆ ಎಂಜಿನ್ ಮತ್ತು ಸೆನ್ಸರ್ ನಡುವೆ, ಕಳ್ಳ ಸಿಕ್ಕಿದ. ಸೆನ್ಸರ್ ದಾಟಿ ಒಂದೆರಡು ಇಂಚಿನಲ್ಲಿ ಎದ್ದರೂ ಲೆಕ್ಕಕ್ಕೆ ಬರುತ್ತದೆ. ಆಮೇಲಿನ ಪೈಪಿನಲ್ಲಿ ಎದ್ದರೆ ಅದನ್ನೂ ಸರಿ ಮಾಡಿಸಿ, ಆದರೆ ಈ ಕೋಡಿಗೆ ಅದು ಕಾರಣವಲ್ಲ.

ಅಷ್ಟೊತ್ತಿಗೆ ಪ್ಲಗ್ ಕೂಡ ಬಿಚ್ಚಿಸಿ ನೋಡಿ. ತಿಳಿ ಕಂದು ಬಣ್ಣವಿದ್ದರೆ ಸರಿ. ನಾಲ್ಕೂ ಪ್ಲಗ್ ಒಣ ಮಸಿ ಹಿಡಿದು ಕರ್ರಗಿದ್ದರೆ ಎಂಜಿನ್ ರಿಚ್ ಓಡುತ್ತಿದೆ ಅನ್ನೋದು ಖಾತ್ರಿ. ಪಿಯುಸಿ (ಹೊಗೆ ತಪಾಸಣೆ) ಮಾಡಿಸುವಲ್ಲಿ ಒಮ್ಮೆ ಅಳತೆ ತೆಗೆಸಿದರೂ ತಿಳಿಯುತ್ತದೆ. ನಿಮ್ಮದು ಬಿಎಸ್4 ಗಾಡಿ, ಐಡ್ಲಿಂಗಿನಲ್ಲಿ ಕಾರ್ಬನ್ ಮಾನಾಕ್ಸೈಡ್ 0.3% ಒಳಗೆ ಇರಬೇಕು. ಅದು ಮೇಲಕ್ಕೆ ಹಾರಿದ್ದರೆ ಲೀನ್ ಅನ್ನುವ ಮಾತು ಅಲ್ಲಿಗೇ ಮುಗಿಯಿತು.

ನೊರೆ ಎಲ್ಲೂ ಏಳದಿದ್ದರೆ? ಆಗ ಮುಂದಿನ ಪರೀಕ್ಷೆ. ನನ್ನ ಅನುಭವದಲ್ಲಿ ಇದಕ್ಕಿಂತ ಬೆಲೆಬಾಳುವ ಪರೀಕ್ಷೆ ಈ ಕೋಡಿಗೆ ಇನ್ನೊಂದಿಲ್ಲ. ಎಂಜಿನ್ ಚೆನ್ನಾಗಿ ಕಾದಿರಲಿ, 2000 ಆರ್‌ಪಿಎಂ ಆಸುಪಾಸಿನಲ್ಲಿ ಹಿಡಿಯಲಿ, ಸ್ಕ್ಯಾನರಿನ ಲೈವ್ ಡೇಟಾದಲ್ಲಿ ಮುಂದಿನ ಸೆನ್ಸರಿನ ವೋಲ್ಟೇಜ್ ತೆಗೆದಿಡಲಿ. ಈಗ ಏರ್ ಫಿಲ್ಟರ್ ದಾಟಿದ ಪೈಪಿನೊಳಗೆ ಕಾರ್ಬ್ ಕ್ಲೀನರ್ ಒಂದು ಚಿಟಿಕೆ ಹೊಡೆಯಬೇಕು. ಪೈಪಿನಲ್ಲಿ ಗಾಳಿ ಅಳೆಯುವ ಏರ್ ಫ್ಲೋ ಸೆನ್ಸರ್ ಇದ್ದರೆ ಅದನ್ನು ದಾಟಿದ ಮೇಲೆ. ಅದು ಉರಿಯುವ ವಸ್ತು, ಮ್ಯಾನಿಫೋಲ್ಡ್ ಕೆಂಡದ ಹಾಗಿರುತ್ತದೆ, ಹಾಗಾಗಿ ಇದನ್ನು ಮನೆಯಲ್ಲಿ ಮಾಡಬೇಡಿ, ಮೆಕ್ಯಾನಿಕ್ ಕೈಯಲ್ಲೇ ಮಾಡಿಸಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿರಲಿ. ಹೊಡೆದ ಕೂಡಲೇ ಎಂಜಿನ್‌ಗೆ ಹೆಚ್ಚು ಇಂಧನ ಸಿಕ್ಕು ಹೊಗೆಯ ಆಕ್ಸಿಜನ್ ಮುಗಿಯುತ್ತದೆ. ವೋಲ್ಟೇಜ್ ಒಂದೆರಡು ಸೆಕೆಂಡಿನಲ್ಲಿ 0.8 ದಾಟಿ ಜಿಗಿಯಬೇಕು. ಜಿಗಿದರೆ ಸೆನ್ಸರ್ ಸರಿ, ತಂತಿ ಸರಿ, ಇಸಿಯು ಓದುವುದೂ ಸರಿ. ಒಂದೇ ಏಟಿಗೆ ಮೂರು ಬಿಡುಗಡೆ! ಇಸಿಯು ಬದಲಿಸಿ ಅಂದವರ ಮುಂದೆಯೇ ಇದನ್ನು ಮಾಡಿಸಿ, ಪರದೆ ನೀವೇ ನೋಡಿ.

ಜಿಗಿಯದೆ 0.1ರಲ್ಲೇ ಕೂತರೆ ತಂತಿಯ ಕಡೆ ಹೋಗಬೇಕು. ಸೆನ್ಸರಿನ ಕಪ್ಲರ್ ಬಿಚ್ಚಿ, ಇಗ್ನಿಷನ್ ಆನ್ ಇಟ್ಟು, ಸ್ಕ್ಯಾನರ್ ನೋಡಿ. ಬಹಳಷ್ಟು ಗಾಡಿಗಳಲ್ಲಿ ಇಸಿಯು ಆ ತಂತಿಗೆ ತಾನೇ 0.45 ಆಸುಪಾಸಿನ ವೋಲ್ಟೇಜ್ ಕೊಟ್ಟಿರುತ್ತದೆ. ಬಿಚ್ಚಿದಾಗ ಓದು 0.45ಕ್ಕೆ ಏರಿದರೆ ಆ ಕಡೆಯ ತಂತಿ ಚೆನ್ನಾಗಿದೆ, ತಪ್ಪು ಸೆನ್ಸರ್ ಕಡೆ. ಅಂಥ ಗಾಡಿಯಲ್ಲಿ ಬಿಚ್ಚಿದರೂ ಸೊನ್ನೆಯೇ ಇದ್ದರೆ ತಂತಿ ಎಲ್ಲೋ ಗಾಡಿಯ ಲೋಹದ ಮೈಗೆ ತಗುಲಿ ಅರ್ಥ್ ಆಗಿದೆ. ಕೆಲವು ಇಸಿಯು ಈ ವೋಲ್ಟೇಜ್ ಕೊಡುವುದಿಲ್ಲ. ಹಾಗಾಗಿ ಸೊನ್ನೆ ಬಂತೆಂದು ನಿರ್ಧಾರ ಮಾಡದೆ, ಬ್ಯಾಟರಿ ಬಿಚ್ಚಿ, ಇಸಿಯು ಕಪ್ಲರ್ ಕೂಡ ತೆಗೆದು, ಆ ತಂತಿಗೂ ಬಾಡಿಗೂ ನಡುವೆ ಮಲ್ಟಿಮೀಟರ್ ಇಟ್ಟು ನೋಡಲಿ. ಬೀಪ್ ಬಂದರೆ ತಂತಿ ತಗುಲಿದೆ. ಡಿಜಿಟಲ್ ಮೀಟರನ್ನೇ ಬಳಸಬೇಕು. ಬಲ್ಬಿನ ಟೆಸ್ಟ್ ಲ್ಯಾಂಪ್ ಹಚ್ಚುವವರನ್ನು ತಕ್ಷಣ ತಡೆಯಿರಿ, ಈ ಸಣ್ಣ ವೋಲ್ಟೇಜಿನ ಸರ್ಕ್ಯೂಟ್ ಅದನ್ನು ತಡೆಯುವುದಿಲ್ಲ, ಇಲ್ಲದ ಕಾಯಿಲೆ ಹೊಸದಾಗಿ ಹುಟ್ಟುತ್ತದೆ.

ನಮ್ಮ ಭಾಗದಲ್ಲಿ ತಂತಿ ಹಾಳಾಗಲು ಇಲಿ ದೊಡ್ಡ ಕಾರಣ. ತೊಗರಿ ರಾಶಿ ಮುಗಿದು ಚೀಲ ಮನೆಗೆ ಬರುವ ಹೊತ್ತಿಗೆ ಇಲಿಗಳೂ ಬರುತ್ತವೆ. ಚಿತ್ತಾಪುರದ ಕಡೆಯ ಒಬ್ಬರ ಗಾಡಿ ಚೀಲಗಳ ಪಕ್ಕದಲ್ಲೇ ನಿಲ್ಲುತ್ತಿತ್ತು. ಸಿಗ್ನಲ್ ತಂತಿಯ ಮೇಲಿನ ಪ್ಲಾಸ್ಟಿಕ್ ಅರ್ಧ ಇಂಚು ಮಾಯವಾಗಿತ್ತು, ತಾಮ್ರ ಒಂದು ಬ್ರಾಕೆಟ್ಟಿಗೆ ತಗುಲುತ್ತಿತ್ತು, ಅದೂ ಗಾಡಿ ಕುಲುಕಿದಾಗ ಮಾತ್ರ. ನಿಂತ ಗಾಡಿಯಲ್ಲಿ ಎಲ್ಲ ಸರಿ, ರಸ್ತೆಗೆ ಬಂದರೆ ಕೋಡ್. ಕೈಯಿಂದ ವೈರಿಂಗನ್ನು ಮೆಲ್ಲಗೆ ಅಲ್ಲಾಡಿಸುತ್ತಾ ಪರದೆ ನೋಡಿದಾಗ ಸಿಕ್ಕಿತು. ತಗಡಿನ ಕವರಿಗೆ ಉಜ್ಜಿ ಸುಟ್ಟ ತಂತಿಗಳನ್ನೂ ಬಹಳ ನೋಡಿದ್ದೇನೆ. ನಿಮ್ಮ ಹೊಸ ಸೆನ್ಸರ್ ಹಾಕಿದವರು ತಂತಿಯನ್ನು ಕ್ಲಿಪ್ಪಿನಲ್ಲಿ ಕೂರಿಸಿದ್ದಾರಾ, ಸುಮ್ನೆ ಜೋತು ಬಿಟ್ಟಿದ್ದಾರಾ, ಅದನ್ನೂ ನೋಡಿ.

ಹೊಸ ಸೆನ್ಸರ್ ಹೇಗೆ ಹಾಕಿದರು ಅನ್ನೋದೂ ಮುಖ್ಯ. ಕಪ್ಲರಿಗೆ ನೇರ ಕೂರುವಂಥದ್ದಾ, ಅಥವಾ ಹಳೆಯ ಕಪ್ಲರ್ ಕತ್ತರಿಸಿ ತಂತಿಗೆ ತಂತಿ ಸುತ್ತಿ ಟೇಪ್ ಹಾಕಿದ್ದಾರಾ? ಸೆನ್ಸರಿಗೆ ಒಳಗಡೆ ಹೊರಗಿನ ಗಾಳಿ ಬೇಕು ಅಂದೆನಲ್ಲ, ಬಹಳಷ್ಟು ಸೆನ್ಸರ್‌ಗಳು ಆ ಗಾಳಿಯನ್ನು ತಂತಿಯ ಎಳೆಗಳ ಸಂದಿಯಿಂದಲೇ ಎಳೆದುಕೊಳ್ಳುತ್ತವೆ. ಆ ತಂತಿಗೆ ಬೆಸುಗೆ ಹಾಕಿದರೆ, ಕಪ್ಲರಿಗೆ ಗ್ರೀಸ್ ಮೆತ್ತಿದರೆ, ಸ್ಪ್ರೇ ಹೊಡೆದರೆ ಉಸಿರು ಕಟ್ಟುತ್ತದೆ. ಬ್ಯಾರೇಜಿನ ತುಂಬಿದ ಕಡೆಯೇ ಖಾಲಿಯಾದ ಹಾಗೆ. ಮಟ್ಟದ ಅಂತರ ಹೋಯಿತು, ವೋಲ್ಟೇಜೂ ಬಿತ್ತು. ಹೊಸ ಸೆನ್ಸರ್ ಹಾಕಿದ ಕೆಲವೇ ದಿನದಲ್ಲಿ ಲೋ ವೋಲ್ಟೇಜ್ ಬಂದರೆ ನಾನು ಇದನ್ನೂ ನೋಡುತ್ತೇನೆ. ತಂತಿ ಜೋಡಿಸಲೇಬೇಕಾದರೆ ಒತ್ತಿ ಕೂರಿಸುವ ಕ್ರಿಂಪ್ ಹಾಕಬೇಕು.

ಮೂರು ವಾರ ಯಾಕೆ ಸರಿಯಿತ್ತು ಅಂತ ನಿಮಗೆ ಅನಿಸಿರಬೇಕು. ಕೋಡ್ ಅಳಿಸಿದಾಗ ಬಹಳಷ್ಟು ಗಾಡಿಗಳಲ್ಲಿ ಟ್ರಿಮ್ ಕೂಡ ಸೊನ್ನೆಗೆ ಬರುತ್ತದೆ. ಇಸಿಯು ಮತ್ತೆ ಮೊದಲಿನಿಂದ ಕಲಿಯಲು ಶುರು ಮಾಡುತ್ತದೆ. ತಪ್ಪು ಒಂದೇ ಓಟದಲ್ಲಿ ಕಂಡರೆ ಸಾಮಾನ್ಯವಾಗಿ ಲೈಟ್ ಹಚ್ಚುವುದಿಲ್ಲ, ಬೇರೆ ಓಟದಲ್ಲೂ ಕಂಡರೆ ಹಚ್ಚುತ್ತದೆ. ನಿಮ್ಮದು ಹೆಚ್ಚಿನ ಭಾಗ ಹೆದ್ದಾರಿ ಓಟ, ಐಡ್ಲಿಂಗ್ ಕಡಿಮೆ. ಅದಕ್ಕೇ ಅಷ್ಟು ದಿನ ಹಿಡಿದಿರಬೇಕು.

ಪೆಟ್ರೋಲಿನ ಬಗ್ಗೆಯೂ ಕೇಳುವವರಿದ್ದಾರೆ, ಇ20, ಅಂದರೆ 20% ಎಥನಾಲ್ ಬೆರೆಸಿದ ಪೆಟ್ರೋಲ್, ಬಂದ ಮೇಲೆ ಈ ಕೋಡ್ ಜಾಸ್ತಿಯಾಯಿತಾ ಅಂತ. ಎಥನಾಲಿನಲ್ಲಿ ಆಕ್ಸಿಜನ್ ಇದೆ, ಅದಕ್ಕೆ ಗಾಳಿ ಕಡಿಮೆ ಸಾಕು. ಬರೀ ಪೆಟ್ರೋಲಿಗೆ ಒಂದು ಪಾಲಿಗೆ 14.7 ಪಾಲು ಗಾಳಿಯಾದರೆ ಇ20ಗೆ ಸುಮಾರು 13.5. ಇ10ಗೆ ಹೊಂದಿಸಿದ ಗಾಡಿಯಲ್ಲಿ ಟ್ರಿಮ್ ನಾಲ್ಕೈದು ಪರ್ಸೆಂಟ್ ಮೇಲೆ ಹೋಗುವುದು ಸಹಜ. 28% ಹೋಗುವುದಿಲ್ಲ. ಮೊದಲೇ ಅಂಚಿನಲ್ಲಿದ್ದ ಗಾಡಿಯನ್ನು ಅದು ಆಚೆ ತಳ್ಳಬಹುದು, ಅಷ್ಟೇ.

ನಿಮ್ಮಂತೆ ಮೈಲೇಜ್ ಬೀಳದೆ, ಟ್ರಿಮ್ ಮಾತ್ರ ಏರಿ ಇದೇ ಕೋಡ್ ಬಂದಿರುವವರು ಎಂಜಿನ್‌ಗೆ ಗಾಳಿ, ಪೆಟ್ರೋಲ್ ಬರುವ ಕಡೆ ನೋಡಬೇಕು. ನಮ್ಮ ಬೇಸಿಗೆಗೆ ರಬ್ಬರ್ ಪೈಪುಗಳು ಗಟ್ಟಿಯಾಗಿ ಸೀಳುತ್ತವೆ, ಅದರಲ್ಲೂ ಟ್ಯಾಪೆಟ್ ಕವರಿನಿಂದ ಇನ್‌ಟೇಕಿಗೆ ಹೋಗುವ ಪಿಸಿವಿ ಪೈಪು. ಟ್ರಿಮ್ ಐಡ್ಲಿಂಗಿನಲ್ಲಿ ಜಾಸ್ತಿ ಇದ್ದು 2500ಕ್ಕೆ ಏರಿಸಿದಾಗ ಇಳಿದರೆ ಗಾಳಿ ಸೋರಿಕೆ. ರೇಸ್ ಕೊಟ್ಟಷ್ಟೂ ಟ್ರಿಮ್ ಏರಿದರೆ ಪೆಟ್ರೋಲ್ ಸಾಲುತ್ತಿಲ್ಲ, ಪಂಪು, ಫಿಲ್ಟರ್ ನೋಡಬೇಕು. ಸದಾ ರಿಸರ್ವ್‌ನಲ್ಲೇ ಓಡಿಸುವವರ ಪಂಪು ಬೇಗ ಸೋಲುತ್ತದೆ, ಟ್ಯಾಂಕಿನ ಪೆಟ್ರೋಲೇ ಅದನ್ನು ತಂಪಾಗಿಡುವುದು. ಗ್ಯಾಸ್ ಕಿಟ್ ಹಾಕಿಸಿದವರು ಕಿಟ್ಟಿನ ತಂತಿಯನ್ನು ಸೆನ್ಸರ್ ತಂತಿಗೆ ಜೋಡಿಸಿದ್ದಾರಾ ನೋಡಬೇಕು, ಆ ಜೋಡಣೆ ಸಡಿಲಾಗುತ್ತದೆ. ಹೊಸ ಬಿಎಸ್6 ಗಾಡಿಗಳಲ್ಲಿ ಕೆಲವಕ್ಕೆ ವೈಡ್‌ಬ್ಯಾಂಡ್ ಅನ್ನುವ ಬೇರೆ ಬಗೆಯ ಸೆನ್ಸರ್ ಇದೆ, ಅದಕ್ಕೆ ಮೇಲಿನ 0.1, 0.9 ಲೆಕ್ಕ ಹೊಂದುವುದಿಲ್ಲ.

ನಿಮ್ಮ ಗಾಡಿಗೆ ವಾಪಸ್ ಬರೋಣ. ಸಂದಿ ಸಿಕ್ಕರೆ ಕೆಲಸ ಹೀಗೆ ಮಾಡಿಸಿ. ಮ್ಯಾನಿಫೋಲ್ಡಿನ ನಟ್‌ಗಳು ಜಂಗು ಹಿಡಿದಿರುತ್ತವೆ, ಬಲವಂತ ಮಾಡಿದರೆ ಸ್ಟಡ್ ಹೆಡ್ಡಿನೊಳಗೇ ಮುರಿಯುತ್ತದೆ, ಆಗ ಸಣ್ಣ ಕೆಲಸ ದೊಡ್ಡದಾಗುತ್ತದೆ. ಹಿಂದಿನ ರಾತ್ರಿಯೇ ಜಂಗು ಬಿಡಿಸುವ ಎಣ್ಣೆ ಹಾಕಿಡಲಿ. ಹೊಸ ಪ್ಯಾಕಿಂಗ್, ಹೊಸ ನಟ್. ಮ್ಯಾನಿಫೋಲ್ಡಿನ ಮುಖ ಸೊಟ್ಟಗಾಗಿದೆಯಾ ಅಂತ ಸ್ಕೇಲ್ ಇಟ್ಟು ನೋಡಲಿ. ನಟ್‌ಗಳನ್ನು ನಡುವಿನಿಂದ ಶುರು ಮಾಡಿ ಅಂಚಿಗೆ, ಟಾರ್ಕ್ ರೆಂಚ್ ಹಿಡಿದು ಬಿಗಿಯಲಿ. ಪ್ಯಾಕಿಂಗ್ ಬದಲು ಸಿಲಿಕೋನ್ ಸೀಲಂಟ್ ಬಳಿಯಲು ಬಿಡಬೇಡಿ. ಅದು ಅಲ್ಲಿನ ಶಾಖಕ್ಕೆ ನಿಲ್ಲುವುದಿಲ್ಲ, ಅದರ ಹೊಗೆ ಸೆನ್ಸರಿನ ತುದಿಗೆ ಬಿಳಿ ಪುಡಿಯಾಗಿ ಕೂತು ನಿಮ್ಮ ಐದೂವರೆ ಸಾವಿರದ ಸೆನ್ಸರನ್ನೇ ಕೊಲ್ಲುತ್ತದೆ. ಮಾತು ಹೇಗೆ ತೆಗೆಯಲಿ ಅಂತ ಹಿಂಜರಿಯಬೇಡಿ. "ಅಣ್ಣಾ, ಮೊದಲ ಮ್ಯಾನಿಫೋಲ್ಡ್ ಪ್ಯಾಕಿಂಗ್ ನೋಡ್ರಿ, ಇಸಿಯು ಮಾತು ಆಮ್ಯಾಲ" ಅಂದುಬಿಡಿ. ಒಳ್ಳೆಯ ಮೆಕ್ಯಾನಿಕ್ ಬೇಜಾರು ಮಾಡಿಕೊಳ್ಳುವುದಿಲ್ಲ. ಯಾರಾದರೂ ಹಳೆಯ ಇಸಿಯು ಕಡಿಮೆ ಬೆಲೆಗೆ ಹಾಕಿಕೊಡುತ್ತೇನೆ ಅಂದರೆ ಒಪ್ಪಬೇಡಿ, ಕೀಲಿಯ ಕೋಡ್ ಹೊಂದದೆ ಗಾಡಿ ಸ್ಟಾರ್ಟೇ ಆಗದಿರಬಹುದು.

ಅಲ್ಲಿಯವರೆಗೆ ಓಡಿಸಬಹುದಾ ಅಂದರೆ, ಕೆಲವು ದಿನ ಪರವಾಗಿಲ್ಲ, ತಿಂಗಳುಗಟ್ಟಲೆ ಬೇಡ. ಹೆಚ್ಚಾದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಹೋಗಿ ಉರಿದು ಅದನ್ನು ಹಾಳು ಮಾಡುತ್ತದೆ, ಅದರ ಬೆಲೆ ಸೆನ್ಸರಿನ ಎಷ್ಟೋ ಪಟ್ಟು. ಲೈಟ್ ಮಿಣುಕಲು ಶುರುವಾದರೆ ಅಲ್ಲೇ ನಿಲ್ಲಿಸಿ. ಇನ್ನೊಂದು ವಿಷಯ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಮ್ಯಾನಿಫೋಲ್ಡ್ ಬಳಿ ಹೊಗೆ ಸೋರುತ್ತಿದ್ದರೆ ಅದು ಎಸಿಯ ಗಾಳಿಯ ದಾರಿಯಿಂದ ಒಳಗೆ ಬರಬಹುದು, ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ ಬಣ್ಣವೂ ಇಲ್ಲ. ಬಿಸಿಲಿಗೆ ಗಾಜು ಏರಿಸಿ, ಎಸಿ ಹಾಕಿ, ನಿಂತ ಗಾಡಿಯಲ್ಲಿ ಕೂರಬೇಡಿ. ಓಡಿಸುವಾಗಲೂ ಕಿಟಕಿ ಸ್ವಲ್ಪ ಇಳಿಸಿಕೊಳ್ಳಿ. ತಲೆ ಭಾರವಾದರೆ ಗಾಡಿ ನಿಲ್ಲಿಸಿ ಹೊರಗೆ ಬನ್ನಿ.

ಪ್ಯಾಕಿಂಗ್ ಆದ ಮೇಲೆ ಕೋಡ್ ಅಳಿಸಿ, ಟ್ರಿಮ್ ಸೊನ್ನೆ ಮಾಡಿಸಿ. ಎರಡು ದಿನ ಎಂದಿನಂತೆ ಹೋಗಿ ಬನ್ನಿ. ಆಮೇಲೆ ಬಿಸಿ ಎಂಜಿನ್‌ನಲ್ಲಿ ಮೂರು ಅಂಕಿ ಬರೆದುಕೊಳ್ಳಿ: ಐಡ್ಲಿಂಗಿನಲ್ಲಿ ಲಾಂಗ್ ಟರ್ಮ್ ಟ್ರಿಮ್, 2500ರಲ್ಲಿ ಅದೇ ಟ್ರಿಮ್, ಮತ್ತು 2500ರಲ್ಲಿ ಹತ್ತು ಸೆಕೆಂಡಿಗೆ ಸೆನ್ಸರ್ ವೋಲ್ಟೇಜ್ ಎಷ್ಟು ಸಲ ಮೇಲೆ ಕೆಳಗೆ ಆಡಿತು. ಟ್ರಿಮ್ ಎರಡೂ ಹತ್ತರ ಒಳಗೆ ಬಂದು, ವೋಲ್ಟೇಜ್ ಏಳೆಂಟು ಸಲವಾದರೂ ಆಡಿದರೆ ಮುಗಿಯಿತು. ಇಲ್ಲದಿದ್ದರೆ ಆ ಮೂರು ಅಂಕಿ ನನಗೆ ಬರೆದು ಕಳಿಸಿ. ಹಾಗೆಯೇ ಬಿಚ್ಚಿ ಹಾಕಿದ ಹಳೆಯ ಸೆನ್ಸರ್ ಗ್ಯಾರೇಜಿನಲ್ಲಿ ಇನ್ನೂ ಇದ್ದರೆ ಕೇಳಿ ತೆಗೆದುಕೊಳ್ಳಿ, ಅದರಲ್ಲಿ ತಪ್ಪೇನೂ ಇರಲಿಲ್ಲ ಅಂತ ನನಗನಿಸುತ್ತದೆ.